ಕೆಂಬಾಳೆಗೆ ಸಂಸ್ಕೃತದಲ್ಲಿ ಏನೆನ್ನಬೇಕು?

ಕಲಬುರಗಿ ನಗರದಿಂದ ಹುಮನಾಬಾದಿನ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಕಮಲಾಪುರವೆಂಬ ತಾಲ್ಲೂಕು ಕೇಂದ್ರವುಂಟು. ಅಲ್ಲಿ ಬೆಳೆಯುವ ಕೆಂಪು ಬಾಳೆಹಣ್ಣು ಭೌಗೋಳಿಕ ಸೂಚಿಕೆಯ ಮನ್ನಣೆಯನ್ನು ಪಡೆದಿದೆ. ಇಂಗ್ಲಿಷಿನಲ್ಲಿ ಅದರ ಹೆಸರು ‘ಕಮಲಾಪುರ ರೆಡ್ ಬನಾನಾ’. ಕಲಬುರಗಿಯ ವಿಜ್ಞಾನ ಪ್ರದರ್ಶನವೊಂದರಲ್ಲಿ ಈ ಹಣ್ಣಿನ ಮುಂದೆ ಸಂಸ್ಕೃತದ ಫಲಕವನ್ನಿಡಬೇಕಾಯಿತೆಂದು ಭಾವಿಸೋಣ. ಇರುವುದು ಮೂರೇ ಪದ. ನಿಘಂಟನ್ನು ತೆರೆದರೆ ಕೆಲಸ ಮುಗಿಯಿತೆಂದು ವಿದ್ಯಾರ್ಥಿಗಳಿಗೆ ತೋರಬಹುದು. ಆದರೆ ತೊಡಕು ಅಲ್ಲಿಂದಲೇ ಆರಂಭವಾಗುವುದು.

ಮೊದಲು, ಯಾವ ಪದವನ್ನು ಅನುವಾದಿಸಬಾರದೆಂಬುದನ್ನು ಅರಿಯಬೇಕು. ‘ಕಮಲ’ವೆಂದರೆ ತಾವರೆ, ‘ಕಮಲಾ’ ಎಂದರೆ ಲಕ್ಷ್ಮಿ. ಹಾಗೆಂದು ‘ಲಕ್ಷ್ಮೀನಗರ’ವೆಂದು ಬರೆದರೆ ಹಣ್ಣು ಯಾವ ಊರಿನದೆಂಬುದೇ ತಿಳಿಯದು, ಅದನ್ನು ಬೆಳೆದ ರೈತನ ಹೆಸರೂ ಅದರೊಡನೆ ಅಳಿಯುವುದು. ಊರಿನ ಹೆಸರು ಅಂಕಿತನಾಮ. ಅದಕ್ಕೆ ಷಷ್ಠೀ ವಿಭಕ್ತಿಯನ್ನು ಹಚ್ಚಿ ‘ಕಮಲಾಪುರಸ್ಯ’ ಎಂದರೆ ಸಾಕು.

ಎರಡನೆಯದು, ಪದಗಳ ಪರಸ್ಪರ ಸಂಬಂಧ. ಇಂಗ್ಲಿಷಿನ ‘ರೆಡ್’ ಎಂಬ ವಿಶೇಷಣವು ಎಲ್ಲಿಯೂ ರೂಪ ಬದಲಿಸದು. ಸಂಸ್ಕೃತದಲ್ಲಿ ವಿಶೇಷಣವು ವಿಶೇಷ್ಯದ ಲಿಂಗ, ವಚನ, ವಿಭಕ್ತಿಗಳನ್ನು ಅನುಸರಿಸಬೇಕು. ‘ಕದಲೀ’ ಎಂಬುದು ಸ್ತ್ರೀಲಿಂಗ. ಆದುದರಿಂದ ‘ರಕ್ತಾ ಕದಲೀ’. ‘ಕದಲೀಫಲ’ ನಪುಂಸಕಲಿಂಗ, ಆದುದರಿಂದ ‘ರಕ್ತಂ ಕದಲೀಫಲಮ್’. ಇಲ್ಲಿ ‘ರಕ್ತ’ವೆಂದರೆ ನೆತ್ತರಲ್ಲ, ಕೆಂಪಾದುದು; ರಕ್ತಚಂದನವನ್ನು ನೆನೆಯಿರಿ. ‘ರಕ್ತಾ ಕದಲೀ’ ಎಂಬುದನ್ನು ಕರ್ಮಧಾರಯ ಸಮಾಸ ಮಾಡಿದಾಗ ಪೂರ್ವಪದದ ಸ್ತ್ರೀಪ್ರತ್ಯಯವು ಬಿಟ್ಟುಹೋಗಿ ‘ರಕ್ತಕದಲೀ’ ಎಂದಾಗುವುದು. ನಮ್ಮ ‘ಕೆಂಬಾಳೆ’ಯೂ ಕರ್ಮಧಾರಯವೇ. ಆದರೆ ಎರಡನ್ನೂ ಬೆರೆಸಿ ‘ರಕ್ತಬಾಳೆ’ ಎಂದರೆ ಅದು ಅರಿಸಮಾಸ.

ಮೂರನೆಯದು, ವಸ್ತುವಿನ ಪರೀಕ್ಷೆ. ಹಣ್ಣನ್ನು ಸುಲಿದು ನೋಡಿ: ಕೆಂಪಾಗಿರುವುದು ಸಿಪ್ಪೆ ಮಾತ್ರ, ತಿರುಳು ಕೆನೆಯ ಬಣ್ಣದ್ದು. ಇದನ್ನು ಇಂಗ್ಲಿಷಿನ ಹೆಸರು ಹೇಳುವುದಿಲ್ಲ. ಫಲಕದ ಕೆಳಗೆ ವಿವರಣೆ ಬರೆಯುವಾಗಲಾದರೂ ಸಂಸ್ಕೃತದ ಬಹುವ್ರೀಹಿಯು ಹೇಳಬಲ್ಲುದು: ‘ರಕ್ತತ್ವಕ್ ಕದಲೀಫಲಮ್’, ಎಂದರೆ ಕೆಂಪು ಸಿಪ್ಪೆಯುಳ್ಳ ಬಾಳೆಹಣ್ಣು. ಹೆಸರಿಗೆ ‘ಕಮಲಾಪುರಸ್ಯ ರಕ್ತಂ ಕದಲೀಫಲಮ್’ ಸಾಕು. ವಿವರಣೆಗೆ ಇದು ಬೇಕು.

ಕೊನೆಯದಾಗಿ, ಹೊಸ ಪದವನ್ನು ಕಟ್ಟುವ ಮುನ್ನ ಹಳೆಯದಿದೆಯೇ ಎಂದು ಹುಡುಕಬೇಕು. ಗಣಿತದ ‘ಲೀಸ್ಟ್ ಕಾಮನ್ ಮಲ್ಟಿಪಲ್’ ಎಂಬುದನ್ನು ನಾವು ಪದಕ್ಕೆ ಪದವಿಟ್ಟು ‘ಲಘುತಮ ಸಾಮಾನ್ಯ ಅಪವರ್ತ್ಯ’ ಎಂದು ಕರೆದಿದ್ದೇವೆ. ಇದೇ ಕಲಬುರಗಿ ಜಿಲ್ಲೆಯ ಮಳಖೇಡವು 9ನೆಯ ಶತಮಾನದಲ್ಲಿ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿದನು. ಭಿನ್ನರಾಶಿಗಳ ಛೇದಗಳನ್ನು ಸಮ ಮಾಡುವಲ್ಲಿ ಆತನು ಈ ಲ.ಸಾ.ಅ.ವನ್ನು ‘ನಿರುದ್ಧ’ವೆಂಬ ಒಂದೇ ಪದದಿಂದ ಸೂಚಿಸಿದ್ದಾನೆ!

ಹೀಗೆ, ನಿಘಂಟು ಅನುವಾದಕನಿಗೆ ನೆರವು ಮಾತ್ರ. ಮೊದಲು ವಸ್ತುವನ್ನು ನೋಡಬೇಕು, ಬಳಿಕ ವಿಗ್ರಹವಾಕ್ಯವನ್ನು ಬರೆಯಬೇಕು, ಸಮಾಸವು ಆಮೇಲಿನದು.

ಅಭ್ಯಾಸ: ಕಲಬುರಗಿಯ ತೊಗರಿಯನ್ನು ಬೆಳೆಸುವ ‘ಬ್ಲ್ಯಾಕ್ ಸಾಯಿಲ್’ ಎಂಬುದನ್ನು ‘ಕೃಷ್ಣ’ ಮತ್ತು ‘ಮೃತ್ತಿಕಾ’ ಪದಗಳಿಂದ ಅನುವಾದಿಸಿರಿ. ವಿಗ್ರಹವಾಕ್ಯವನ್ನೂ ಸಮಾಸವನ್ನೂ ಬೇರೆ ಬೇರೆಯಾಗಿ ಬರೆಯಿರಿ. ‘ಮೃತ್ತಿಕಾ’ ಸ್ತ್ರೀಲಿಂಗವೆಂಬುದನ್ನು ಮರೆಯಬೇಡಿರಿ.