ರಿಯೊದ ಗುಡ್ಡದ ದಾರಿಯಲ್ಲಿ ನಮ್ಮ ಹಲಸು

ಮಕ್ಕಳೇ, ಈ ಸಲ ಒಂದು ಚಾರಣಕ್ಕೆ ಹೋಗೋಣ. ಟಿಕೆಟ್ ಬೇಡ, ಅಟ್ಲಾಸ್ ಸಾಕು. ದಕ್ಷಿಣ ಅಮೆರಿಕದ ಪುಟ ತೆರೆಯಿರಿ. ಬ್ರೆಜಿಲ್ ದೇಶದ ಪೂರ್ವ ಕರಾವಳಿಯಲ್ಲಿ ಮಕರ ಸಂಕ್ರಾಂತಿ ವೃತ್ತದ ಗೆರೆ ಸಮುದ್ರ ಸೇರುವ ಜಾಗ ಉಂಟಲ್ಲ, ಅದರ ಹತ್ತಿರವೇ, ತುಸು ಉತ್ತರಕ್ಕೆ, ರಿಯೊ ಡಿ ಜನೈರೊ ಎಂಬ ಹೆಸರು ಸಿಗುತ್ತದೆ. ವೃತ್ತ ಇರುವುದು ಸುಮಾರು 23.4 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ, ರಿಯೊ ಇರುವುದು 22.9ರಲ್ಲಿ. ಅಂದರೆ ಉಷ್ಣವಲಯದ ಗಡಿಯ ಒಳಗೆ, ಅಂಚಿನಲ್ಲಿಯೇ.

ಅರವತ್ತು ಲಕ್ಷಕ್ಕೂ ಹೆಚ್ಚು ಜನ ಇರುವ ಪೇಟೆ ಅದು. ಒಂದು ಕಡೆ ಅಟ್ಲಾಂಟಿಕ್ ಸಾಗರ, ಇನ್ನೊಂದು ಕಡೆ ಗ್ವಾನಬಾರಾ ಕೊಲ್ಲಿ. ನಡುವೆ, ಮನೆಗಳ ಹಿತ್ತಿಲಿನಿಂದಲೇ ಎದ್ದ ಹಾಗೆ, ಸಾವಿರ ಮೀಟರ್ ಎತ್ತರದ ಗುಡ್ಡಗಳು, ಗುಡ್ಡದ ಮೇಲೆ ದಟ್ಟ ಕಾಡು. ಪೇಟೆಯ ಬಸ್ಸಿನಿಂದ ಇಳಿದು ಸ್ವಲ್ಪ ನಡೆದರೆ ಕಾಡಿನ ಕಾಲುದಾರಿ ಸಿಗುತ್ತದೆ. ಇಂಥ ದಾರಿಗಳನ್ನು ಒಂದಕ್ಕೊಂದು ಜೋಡಿಸಿ ಪಶ್ಚಿಮದ ಬಾರಾ ಡಿ ಗ್ವಾರಾಚೀಬಾದಿಂದ ಪೂರ್ವದ ಉರ್ಕಾ ಗುಡ್ಡದವರೆಗೆ ಸುಮಾರು 180 ಕಿಲೋಮೀಟರ್ ಉದ್ದದ ಒಂದೇ ಚಾರಣಪಥ ಮಾಡಿದ್ದಾರೆ. ಹೆಸರು ಟ್ರಾನ್ಸ್‌ಕರಿಯೋಕಾ. ದಾರಿ ತಪ್ಪದ ಹಾಗೆ ಮರ, ಬಂಡೆಗಳ ಮೇಲೆ ಬೂಟಿನ ಹೆಜ್ಜೆಯ ಚಿತ್ರ ಬರೆದಿರುತ್ತಾರೆ. ಒಂದು ದಿಕ್ಕಿಗೆ ಹೋಗುವವರಿಗೆ ಕಪ್ಪಿನ ಮೇಲೆ ಹಳದಿ ಹೆಜ್ಜೆ, ಎದುರು ದಿಕ್ಕಿನವರಿಗೆ ಹಳದಿಯ ಮೇಲೆ ಕಪ್ಪು ಹೆಜ್ಜೆ. ನಾನೂ ಅಲ್ಲಿಗೆ ಹೋದವನಲ್ಲ. ನಕ್ಷೆ ನೋಡಿ, ಓದಿ ತಿಳಿದದ್ದನ್ನೇ ನಿಮಗೆ ಹೇಳುತ್ತಿದ್ದೇನೆ. ಮೂರು ದಾರಿ ಹತ್ತುವ.

ಮೊದಲು ಸುಲಭದ ಗುಡ್ಡ

ಉರ್ಕಾ ಗುಡ್ಡದ ಎತ್ತರ ಬರೀ 220 ಮೀಟರ್. ಸಮುದ್ರ ತೀರದಿಂದ ಅರ್ಧ ಮುಕ್ಕಾಲು ಗಂಟೆಯಲ್ಲಿ ಹತ್ತಬಹುದು. ಮೇಲೆ ನಿಂತರೆ ಎದುರಿಗೇ 396 ಮೀಟರ್ ಎತ್ತರದ ಬೋಳು ಬಂಡೆ ನೆಟ್ಟಗೆ ನಿಂತದ್ದು ಕಾಣುತ್ತದೆ. ರಿಯೊದ ಫೋಟೋ ಎಲ್ಲಿ ನೋಡಿದರೂ ಅದು ಇರುತ್ತದೆ. ಪೋರ್ಚುಗೀಸ್ ಭಾಷೆಯಲ್ಲಿ ಅದರ ಹೆಸರಿಗೆ ‘ಸಕ್ಕರೆಯ ಪಾವ್’ ಎಂದು ಅರ್ಥ. ಹೌದು, ನಾವು ತಿನ್ನುವ ಪಾವ್‌ಭಾಜಿಯ ಪಾವ್! ಆ ಶಬ್ದ ನಮಗೆ ಬಂದದ್ದು ಪೋರ್ಚುಗೀಸರಿಂದಲೇ. ಹಿಂದಿನ ಕಾಲದಲ್ಲಿ ಕಬ್ಬಿನ ಪಾಕವನ್ನು ಶಂಕುವಿನ ಆಕಾರದ ಅಚ್ಚಿಗೆ ಹೊಯ್ದು ಸಕ್ಕರೆಯ ಗಟ್ಟಿ ಮಾಡುತ್ತಿದ್ದರು, ನಮ್ಮ ಅಚ್ಚುಬೆಲ್ಲದ ಹಾಗೆ. ಬಂಡೆ ಅದೇ ಆಕಾರದಲ್ಲಿ ಕಂಡಿತು, ಅದೇ ಹೆಸರಾಯಿತು.

ಆದರೆ ಬಂಡೆಗೆ ಆ ಆಕಾರ ಬಂದದ್ದು ಹೇಗೆ? ನಮ್ಮ ಮುರಕಲ್ಲಿನ ಗುಡ್ಡಗಳು ಮೇಲೆ ಚಪ್ಪಟೆ, ಅಲ್ವಾ? ಇದು ಉರುಟು. ಕಲ್ಲೇ ಬೇರೆ, ಇದು ನೈಸ್ ಶಿಲೆ. ಐವತ್ತು ಕೋಟಿ ವರ್ಷಗಳಿಗೂ ಹಿಂದೆ, ಭೂಮಿಯ ಆಳದಲ್ಲಿ, ಭಾರೀ ಒತ್ತಡ ಮತ್ತು ಬಿಸಿಯಲ್ಲಿ ಆದ ಕಲ್ಲು. ಮೇಲಿದ್ದ ಕಲ್ಲುಮಣ್ಣು ಕೋಟ್ಯಂತರ ವರ್ಷಗಳಲ್ಲಿ ಸವೆದು ಹೋದಾಗ ಅದರ ಮೇಲಿನ ಭಾರ ಇಳಿಯಿತು. ಒತ್ತಿ ಹಿಡಿದ ಸ್ಪಂಜನ್ನು ಬಿಟ್ಟರೆ ಅದು ಉಬ್ಬುತ್ತದಲ್ಲ, ಕಲ್ಲು ಕೂಡ ಬಹಳ ಸ್ವಲ್ಪ ಉಬ್ಬುತ್ತದೆ. ಆದರೆ ಕಲ್ಲು ಸ್ಪಂಜಿನ ಹಾಗೆ ಮೆತ್ತಗಿಲ್ಲ, ಅದಕ್ಕೆ ಬಿರುಕು ಬೀಳುತ್ತದೆ. ಬಿರುಕು ಬೀಳುವುದು ಮೇಲ್ಮೈಗೆ ಸಮಾನಾಂತರವಾಗಿ. ಆಮೇಲೆ ನೀರುಳ್ಳಿಯ ಸಿಪ್ಪೆಯ ಹಾಗೆ ಪದರ ಪದರವಾಗಿ ಕಳಚಿ ಬೀಳುತ್ತದೆ. ಮೂಲೆಗಳು ಮೊದಲು ಹೋಗುತ್ತವೆ, ಉರುಟು ಉಳಿಯುತ್ತದೆ.

ಈ ಪಾಠ ಇನ್ನೊಂದು ಗುಡ್ಡಕ್ಕೂ ಬೇಕು. ಪೆದ್ರಾ ದ ಗಾವಿಯಾ ಎಂಬ 840 ಮೀಟರಿಗಿಂತ ತುಸು ಎತ್ತರದ ಗುಡ್ಡದ ಒಂದು ಬದಿ ಮನುಷ್ಯನ ಮುಖದ ಹಾಗೆ ಕಾಣುತ್ತದೆ. ಯಾವುದೋ ಪ್ರಾಚೀನ ರಾಜನ ಮುಖ ಕೆತ್ತಿದ್ದು, ಪಕ್ಕದಲ್ಲಿ ಫಿನೀಷಿಯನ್ನರ ಬರಹ ಉಂಟು ಎಂದೆಲ್ಲ ಕತೆ ಕಟ್ಟಿದ್ದಾರೆ. ಗಾಳಿ, ಮಳೆ, ಬಿಸಿಲು ಮಾಡಿದ ಕೆಲಸ ಅದು, ಬೇರೆಂಥದೂ ಇಲ್ಲ. ಆ ಗುಡ್ಡದ ದಾರಿಯಲ್ಲಿ ಸುಮಾರು 30 ಮೀಟರ್ ಕಡಿದಾದ ಬಂಡೆಯನ್ನು ಕೈಕಾಲು ಊರಿ ಹತ್ತಬೇಕು. ಗೊತ್ತಿದ್ದವರು ಜೊತೆಗಿಲ್ಲದೆ ಅಲ್ಲಿಗೆ ಹೋಗಬಾರದು. ನಾವೂ ಹತ್ತುವುದಿಲ್ಲ.

ಎಷ್ಟು ಹೊತ್ತು ಬೇಕು? ಲೆಕ್ಕ ಹಾಕಿ

ಎರಡನೆಯದು ಕೊರ್ಕೊವಾಡೊ. ಕೈಚಾಚಿ ನಿಂತ ಏಸುವಿನ ದೊಡ್ಡ ಪ್ರತಿಮೆ ಇರುವುದು ಇದರ ತುದಿಯಲ್ಲಿ. 1931ರಿಂದ ಅಲ್ಲಿದೆ. ಎತ್ತರ ಸುಮಾರು 700 ಮೀಟರ್. ಪ್ರವಾಸಿಗರಿಗೆ ಹಲ್ಲುಗಾಲಿಯ ರೈಲು ಉಂಟು, ಅದು ಪ್ರತಿಮೆಗಿಂತಲೂ ಹಳೆಯದು, 1884ರದ್ದು. ನಡೆಯುವವರು ಪಾರ್ಕಿ ಲಾಜಿ ಎಂಬ ಉದ್ಯಾನದ ಹಿಂದಿನಿಂದ ಹತ್ತುತ್ತಾರೆ. ದಾರಿ ಸುಮಾರು ಎರಡೂವರೆ ಕಿಲೋಮೀಟರ್.

‘ಎರಡೂವರೆ ಕಿಲೋಮೀಟರಾ? ಶಾಲೆಗೆ ದಿನಾ ಅಷ್ಟು ನಡೆಯುತ್ತೇವೆ, ಅರ್ಧ ಗಂಟೆ ಸಾಕು’ ಅನ್ನುತ್ತೀರಿ. ತಡೆಯಿರಿ. 1892ರಲ್ಲಿ ನೇಸ್ಮಿತ್ ಎಂಬ ಸ್ಕಾಟ್‌ಲೆಂಡಿನ ಪರ್ವತಾರೋಹಿ ಒಂದು ಅಂದಾಜು ಸೂತ್ರ ಹೇಳಿದ. ಈಗಿನ ಅಳತೆಯಲ್ಲಿ ಅದು ಹೀಗೆ: ಐದು ಕಿಲೋಮೀಟರ್ ದೂರಕ್ಕೆ ಒಂದು ಗಂಟೆ, ಅದರ ಮೇಲೆ, ಏರುವ ಪ್ರತಿ 600 ಮೀಟರ್ ಎತ್ತರಕ್ಕೆ ಇನ್ನೊಂದು ಗಂಟೆ. ಎರಡೂವರೆ ಕಿಲೋಮೀಟರಿಗೆ 30 ನಿಮಿಷ. 700 ಮೀಟರ್ ಏರಲಿಕ್ಕೆ 70 ನಿಮಿಷ. ಒಟ್ಟು ಒಂದು ಗಂಟೆ 40 ನಿಮಿಷ. ನಡುವೆ ಒಂದು ಕಡೆ ಬಂಡೆಗೆ ಬಿಗಿದ ಸರಪಳಿ ಹಿಡಿದು ಹತ್ತಬೇಕು, ನೀರು ಕುಡಿಯಲಿಕ್ಕೆ ಕೂರಬೇಕು. ಎರಡು ಗಂಟೆಗೇ ಹೊರಟರೆ ಒಳ್ಳೆಯದು. ಗುಡ್ಡ ಹತ್ತುವಾಗ ಕಾಲಿಗಿಂತ ಹೆಚ್ಚು ದಣಿಸುವುದು ನಮ್ಮದೇ ಭಾರ. ಗುರುತ್ವಕ್ಕೆ ಎದುರಾಗಿ ಅದನ್ನು ಎತ್ತಬೇಕು. ಸಮತಟ್ಟು ದಾರಿಯಲ್ಲಿ ಈ ಕೆಲಸ ಇಲ್ಲ.

ಇನ್ನೊಂದು ಮಾತು. ಅಲ್ಲಿಗೆ ಯಾವಾಗ ಹೋಗುವುದು? ನಮಗೆ ಚಾರಣದ ಕಾಲ ಡಿಸೆಂಬರ್, ಜನವರಿ. ಅಲ್ಲಿ ಆಗ ನಡುಬೇಸಗೆ, ಜೊತೆಗೆ ಜೋರು ಮಳೆ. ದಕ್ಷಿಣಾರ್ಧಗೋಳ ನೋಡಿ, ಎಲ್ಲ ತಿರುಗುಮುರುಗು. ನಮ್ಮಲ್ಲಿ ಮಳೆ ಹೊಯ್ಯುವ ಜೂನ್ ಜುಲೈಯಲ್ಲಿ ಅಲ್ಲಿ ತಂಪು, ಮಳೆ ಕಡಿಮೆ. ಮಳೆಗಾಲದಲ್ಲಿ ಆ ಗುಡ್ಡಗಳಿಗೆ ಹತ್ತುವುದು ಅಪಾಯ. ನುಣುಪು ಬಂಡೆಯ ಮೇಲೆ ತೆಳ್ಳಗೆ ಮಣ್ಣು, ಮಳೆನೀರು ಇಳಿದು ಮಣ್ಣಿಗೂ ಬಂಡೆಗೂ ನಡುವೆ ನಿಂತರೆ ಮಣ್ಣು ಜಾರುತ್ತದೆ. 1966ರ ಮಳೆಯಲ್ಲಿ ಗುಡ್ಡ ಜರಿದು ತುಂಬ ಜನ ಸತ್ತ ಮೇಲೆ, ಇಳಿಜಾರುಗಳನ್ನು ನೋಡಿಕೊಳ್ಳಲಿಕ್ಕೆಂದೇ ಆ ನಗರ ಅದೇ ವರ್ಷ ಒಂದು ಸಂಸ್ಥೆ ಕಟ್ಟಿತು.

ನೆಟ್ಟು ಬೆಳೆಸಿದ ಕಾಡು

ಈಗ ಮೂರನೆಯ ದಾರಿ, ಟಿಜುಕಾ ಶಿಖರ. ಎತ್ತರ 1020 ಮೀಟರಿಗೆ ತುಸು ಮೇಲೆ. ಕೊನೆಗೆ ಬಂಡೆಯಲ್ಲೇ ಕಡಿದ ನೂರಕ್ಕೂ ಹೆಚ್ಚು ಮೆಟ್ಟಿಲು. 1920ರಲ್ಲಿ ಬೆಲ್ಜಿಯಂ ದೊರೆ ಬರುತ್ತಾನೆಂದು ಕಡಿಸಿದ್ದು. ಆದರೆ ನೋಡಬೇಕಾದ್ದು ಮೆಟ್ಟಿಲಲ್ಲ, ಅಲ್ಲಿವರೆಗಿನ ಕಾಡು. ಹೆಮ್ಮರಗಳು, ಬಳ್ಳಿಗಳು, ತೊರೆಗಳು. ಯಾರಾದರೂ ಇದು ಆದಿಕಾಲದ ಕಾಡು ಎಂದೇ ಹೇಳಿಯಾರು.

ಅಲ್ಲ. ಇನ್ನೂರು ವರ್ಷಗಳ ಹಿಂದೆ ಈ ಗುಡ್ಡಗಳ ಬಹುಪಾಲು ಕಾಫಿ ತೋಟವಾಗಿತ್ತು. ಕೊಡಗು, ವಯನಾಡುಗಳಲ್ಲಿ ದೊಡ್ಡ ಮರಗಳ ನೆರಳಿನಲ್ಲಿ ಕಾಫಿ ಬೆಳೆಯುತ್ತಾರಲ್ಲ, ಹಾಗಲ್ಲ. ಅಲ್ಲಿ ಕಾಡು ಕಡಿದು, ಸುಟ್ಟು, ಬಿಸಿಲಿಗೇ ಕಾಫಿ ನೆಟ್ಟರು. ದುಡಿದವರು ಆಫ್ರಿಕದಿಂದ ತಂದ ಗುಲಾಮರು. ಕೆಲವೇ ದಶಕಗಳಲ್ಲಿ ಮಣ್ಣು ತೊಳೆದು ಹೋಯಿತು.

ಮುಂದಿನದ್ದು ನಮ್ಮ ಕಾಸರಗೋಡಿನ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ. ಗುಡ್ಡಕ್ಕೆ ಅಡ್ಡವಾಗಿ ತೋಡಿದ ಸುರಂಗದಿಂದ ನೀರು ಬರುವುದು ನೋಡಿದ್ದೀರಿ. ಆ ನೀರು ಎಲ್ಲಿಯದು? ಮಳೆಗಾಲದಲ್ಲಿ ಗುಡ್ಡದ ಮೇಲೆ ಬಿದ್ದದ್ದು, ಮೆಲ್ಲ ಒಳಗಿಳಿದದ್ದು. ಎಲೆ ಮತ್ತು ತರಗೆಲೆ ಮಳೆಹನಿಯ ಪೆಟ್ಟು ತಡೆಯುತ್ತವೆ. ಬೇರು, ಎರೆಹುಳ, ಗೆದ್ದಲು ಮಾಡಿದ ತೂತುಗಳಲ್ಲಿ ನೀರು ಕೆಳಗೆ ಹೋಗುತ್ತದೆ. ಮಣ್ಣು ಬೋಳಾದರೆ ನೀರು ಒಳಗೆ ಇಳಿಯುವುದಿಲ್ಲ, ಮೇಲಿಂದಲೇ ಓಡುತ್ತದೆ. ಮರ ತಾನೂ ನೀರು ಕುಡಿಯುತ್ತದೆ, ಅದು ಸುಳ್ಳಲ್ಲ. ಆದರೆ ಇಂಥ ಕಡಿದಾದ ಗುಡ್ಡದಲ್ಲಿ ಮರ ಕುಡಿಯುವುದಕ್ಕಿಂತ ಬೋಳು ಮಣ್ಣು ಕಳೆಯುವುದೇ ದೊಡ್ಡ ನಷ್ಟ.

ರಿಯೊ ಪೇಟೆ ಕುಡಿಯುತ್ತಿದ್ದದ್ದು ಈ ಗುಡ್ಡದ ತೊರೆಗಳ ನೀರನ್ನು. ಕರಿಯೋಕಾ ಹೊಳೆಯ ನೀರನ್ನು ಕಲ್ಲಿನ ಕಮಾನುಗಳ ಮೇಲಿನ ಕಾಲುವೆಯಲ್ಲಿ ಪೇಟೆಗೆ ತರುತ್ತಿದ್ದರು. ಹದಿನೆಂಟನೆಯ ಶತಮಾನದ ಆ ಕಮಾನುಗಳು ಇವತ್ತಿಗೂ ನಿಂತಿವೆ. ರಿಯೊದವರು ತಮ್ಮನ್ನು ‘ಕರಿಯೋಕಾ’ ಎಂದೇ ಕರೆದುಕೊಳ್ಳುತ್ತಾರೆ. ಗುಡ್ಡ ಬೋಳಾದಾಗ ಬೇಸಗೆ ಬೇಸಗೆಗೆ ಪೇಟೆಯಲ್ಲಿ ನೀರಿಗೆ ತತ್ವಾರ ಶುರುವಾಯಿತು. ಕೊನೆಗೆ 1861ರಲ್ಲಿ ಚಕ್ರವರ್ತಿ ಎರಡನೇ ಪೆದ್ರೊನ ಸರಕಾರ ಮತ್ತೆ ಕಾಡು ಬೆಳೆಸಲಿಕ್ಕೆ ಹೊರಟಿತು. ಮೇಜರ್ ಆರ್ಚರ್ ಎಂಬವನನ್ನು ಅದಕ್ಕೆ ನೇಮಿಸಿದರು.

ಆರ್ಚರನ ಹೆಸರು ಎಲ್ಲ ಪುಸ್ತಕದಲ್ಲಿ ಉಂಟು. ಗುಂಡಿ ತೋಡಿ ಗಿಡ ನೆಟ್ಟವರು ಯಾರು? ಮೊದಲಿಗೆ ಕೆಲವೇ ಮಂದಿ ಗುಲಾಮರು. ಅವರ ಹೆಸರುಗಳೂ ಉಳಿದಿವೆ: ಎಲೆವುತೇರಿಯೊ, ಕಾನ್ಸ್ಟಾಂಟೀನೊ, ಲಿಯೊಪೋಲ್ಡೊ, ಮನುವೆಲ್, ಮತೇವುಸ್, ಮರಿಯಾ. ಬರೀ ಹೆಸರು, ಅಷ್ಟೇ. ಆಮೇಲೆ ಕೂಲಿಯವರೂ ಬಂದರು. ಹದಿಮೂರು ವರ್ಷಗಳಲ್ಲಿ ಎಪ್ಪತ್ತು ಸಾವಿರಕ್ಕೂ ಹೆಚ್ಚು ಗಿಡ ಹಾಕಿದರು. ಒಂದೇ ಜಾತಿಯ ಗಿಡವಲ್ಲ, ಸುತ್ತಲಿನ ಕಾಡುಗಳಿಂದ ಹೆಕ್ಕಿ ತಂದ ಬೇರೆ ಬೇರೆ ಜಾತಿಯವು. ಬದಿಯಲ್ಲಿ ಉಳಿದಿದ್ದ ಕಾಡಿನಿಂದ ಬೀಜ ಬಿದ್ದು ತಾನಾಗಿ ಹುಟ್ಟಿದವು ಇನ್ನೆಷ್ಟೋ. ಸರಿಯಾಗಿ ನೂರು ವರ್ಷದ ಮೇಲೆ, 1961ರಲ್ಲಿ, ಅದು ರಾಷ್ಟ್ರೀಯ ಉದ್ಯಾನವಾಯಿತು. ಈಗ ಅದರ ವಿಸ್ತೀರ್ಣ 40 ಚದರ ಕಿಲೋಮೀಟರಿಗೆ ತುಸು ಕಡಿಮೆ.

ಚಕ್ಕೆ ಹೋಯಿತು, ಕಾಜು ಬಂತು

ಆ ದಾರಿಗಳಲ್ಲಿ ನಡೆಯುವಾಗ ಒಂದು ಮರ ಕಂಡು ನೀವು ‘ಅರೆ!’ ಅನ್ನುತ್ತೀರಿ. ಹಲಸು! ನಮ್ಮ ಪಶ್ಚಿಮ ಘಟ್ಟದ್ದೇ ಹಲಸು. ಪೋರ್ಚುಗೀಸರು ಹದಿನೇಳನೆಯ ಶತಮಾನದಲ್ಲಿ ಅದನ್ನು ಬ್ರೆಜಿಲಿಗೆ ಒಯ್ದರು. ಅಲ್ಲಿ ಅದರ ಹೆಸರು ‘ಜಾಕಾ’. ಮಲಯಾಳದ ‘ಚಕ್ಕ’ವೇ ಅದು. ಬದಲಿಗೆ ಅಲ್ಲಿಂದ ನಮಗೆ ಬಂದದ್ದು ಗೇರು. ಅಲ್ಲಿಯ ಮೂಲನಿವಾಸಿಗಳ ಮಾತು ಪೋರ್ಚುಗೀಸರ ಬಾಯಲ್ಲಿ ‘ಕಾಜು’ ಆಗಿ ನಮ್ಮ ಕರಾವಳಿಗೆ ಇಳಿಯಿತು. ಮಲಯಾಳದಲ್ಲಿ ಗೇರುಮರಕ್ಕೆ ‘ಪರಂಗಿ ಮಾವು’ ಅನ್ನುವುದನ್ನು ಕೇಳಿರಬಹುದು. ಪರಂಗಿ ಎಂದರೆ ಪೋರ್ಚುಗೀಸರು.

ಹಲಸು ಅಲ್ಲಿ ಚೆನ್ನಾಗಿ ಬೆಳೆಯಿತು, ಅತಿ ಚೆನ್ನಾಗಿ. ಈಗ ಟಿಜುಕಾ ಕಾಡಿನಲ್ಲಿ ಅದು ಆಕ್ರಮಣಕಾರಿ ಜಾತಿ. ಹಲಸಿನ ಬುಡದಲ್ಲಿ ಹಲಸಿನ ಸಸಿಯೇ ದಟ್ಟವಾಗಿ ಎದ್ದು, ಅಲ್ಲಿಯ ಸ್ವಂತ ಗಿಡಗಳಿಗೆ ಜಾಗ, ಬೆಳಕು ಎರಡೂ ಸಿಗುವುದಿಲ್ಲ. ಉದ್ಯಾನದವರು ಸಸಿ ಕಿತ್ತು, ದೊಡ್ಡ ಮರಗಳ ತೊಗಟೆಯನ್ನು ಸುತ್ತಲೂ ಕೆತ್ತಿ ಒಣಗಿಸುವ ಕೆಲಸ ಮಾಡಿದ್ದಾರೆ. ಓದಿದಾಗ ನನಗೆ ಸ್ವಲ್ಪ ಬೇಸರವೇ ಆಯಿತು. ನಮ್ಮಲ್ಲಿ ಯಾಕೆ ಅದು ಹಾಗೆ ಮಾಡುವುದಿಲ್ಲ? ಇಲ್ಲಿ ಎಳೆ ಗುಜ್ಜೆಯಿಂದ ಹಿಡಿದು ಬೇಳೆಯವರೆಗೆ ನಾವು ತಿನ್ನುತ್ತೇವೆ, ದನ ತಿನ್ನುತ್ತದೆ, ಕಾಡಿನಲ್ಲಿ ಆನೆ, ಮಂಗ, ಕೆಂಜಳಿಲು ತಿನ್ನುತ್ತವೆ, ಹುಳವೂ ಬಿಡುವುದಿಲ್ಲ. ಅಲ್ಲಿಯ ಕಾಡಿನಲ್ಲಿ ಇಷ್ಟು ಬಾಯಿಗಳಿಲ್ಲ. ಒಂದು ಹಣ್ಣಿನಲ್ಲಿ ನೂರಕ್ಕೂ ಹೆಚ್ಚು ಬೇಳೆ ಇರಬಹುದು. ಬಿದ್ದ ಬೇಳೆ ಒಣಗಿ ಕಾಯುವ ಜಾತಿಯದ್ದಲ್ಲ, ಬೇಗ ಮೊಳೆಯುತ್ತದೆ.

ಆ ಕಾಡಿಗೆ ಇನ್ನೊಂದು ಕೊರತೆ ಉಂಟು. ಮರ ನೆಟ್ಟರು, ಪ್ರಾಣಿಗಳನ್ನು ಯಾರು ನೆಡುವುದು? ಕಾಡು ಹೋದಾಗ, ಬೇಟೆ ನಡೆದಾಗ ಹೋದ ಹಲವು ಪ್ರಾಣಿಗಳು ತಾವಾಗಿ ಮರಳಲಿಲ್ಲ, ಸುತ್ತಲೂ ಪೇಟೆ. ಅಲ್ಲಿ ‘ಕುಟಿಯಾ’ ಎಂಬ ಪ್ರಾಣಿ ಇತ್ತು, ಮೊಲದಷ್ಟು ದೊಡ್ಡ ದಂಶಕ. ಗಟ್ಟಿ ಬೀಜಗಳನ್ನು ಅದು ಅಲ್ಲಲ್ಲಿ ಹುಗಿದಿಡುತ್ತದೆ, ಕೆಲವನ್ನು ಮರೆಯುತ್ತದೆ. ಮರೆತದ್ದು ಮೊಳೆಯುತ್ತದೆ. ಅದರ ಹೆಸರಿನದೇ ಒಂದು ಮರ ಉಂಟು, ಕುಟಿಯೇರಾ. ದೊಡ್ಡ ಬೀಜದ ಆ ಮರಕ್ಕೆ ಕುಟಿಯಾ ಇಲ್ಲದಿದ್ದರೆ ಬೀಜ ಹೊತ್ತೊಯ್ಯುವವರೇ ಇಲ್ಲ. 2010ರಿಂದ ವಿಜ್ಞಾನಿಗಳು ಕುಟಿಯಾಗಳನ್ನು ಮತ್ತೆ ತಂದು ಬಿಟ್ಟರು, 2015ರಲ್ಲಿ ಕೂಗುವ ಹೌಲರ್ ಮಂಗಗಳನ್ನು, 2020ರಲ್ಲಿ ಆಮೆಗಳನ್ನು. ಕುಟಿಯೇರಾದ ಬೀಜಗಳು ಮತ್ತೆ ಮಣ್ಣಿನೊಳಗೆ ಸೇರತೊಡಗಿದವು.

ಮಾಡಿ ನೋಡಿ

ರಿಯೊದ ಕಡಲತೀರದಲ್ಲಿ 32 ಡಿಗ್ರಿ ಸೆಲ್ಸಿಯಸ್ ಸೆಕೆ ಇದ್ದರೆ ಟಿಜುಕಾ ಶಿಖರದಲ್ಲಿ ಎಷ್ಟು ಇರಬಹುದು? ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ಕಡಿಮೆ ಎಂದು ಲೆಕ್ಕ ಹಾಕಿ.

ಪೊಸಡಿ ಗುಂಪೆಯೋ ನಿಮ್ಮ ಊರಿನ ಬೇರೆ ಗುಡ್ಡವೋ, ಹಿರಿಯರ ಜೊತೆ ಹತ್ತುವ ಮೊದಲು ನೇಸ್ಮಿತನ ಸೂತ್ರದಿಂದ ಸಮಯ ಬರೆದಿಡಿ. ಇಳಿದ ಮೇಲೆ ಗಡಿಯಾರ ನೋಡಿ ಹೋಲಿಸಿ.

ಮತ್ತೆ, ಯಾರೂ ಹಣ್ಣು ಕೊಯ್ಯದ ಒಂದು ಹಲಸಿನ ಮರ ಹುಡುಕಿ. ಬುಡದಿಂದ ಐದು ಹೆಜ್ಜೆಯ ಒಳಗೆ ಹಲಸಿನ ಸಸಿ ಎಷ್ಟು, ಬೇರೆ ಸಸಿ ಎಷ್ಟು ಎಂದು ಎಣಿಸಿ. ಅರ್ಧ ತಿಂದ ಹಣ್ಣು ಬಿದ್ದಿದ್ದರೆ ಅದರ ಮೇಲಿನ ಹಲ್ಲಿನ ಗುರುತು ನೋಡಿ, ಯಾವ ಪ್ರಾಣಿಯದ್ದೆಂದು ಮನೆಯ ಅಜ್ಜಿಯನ್ನೋ ಅಜ್ಜನನ್ನೋ ಕೇಳಿ. ಸಿಕ್ಕಿದ ಲೆಕ್ಕವನ್ನು ನಿಮ್ಮ ವಿಜ್ಞಾನದ ಟೀಚರಿಗೋ ಮಾಷ್ಟ್ರಿಗೋ ಕೊಡಿ.