ಇಂದಿನ ಧಮ್ಮ ಚಿಂತನೆ: ರಾಹುಲನ ಕನ್ನಡಿ



ಕನ್ನಡಿ ಯಾತಕ್ಕೆ ಎಂದು ಭಗವಾನ್ ಬುದ್ಧರು ಮಗ ರಾಹುಲನನ್ನು ಕೇಳಿದರು. ನೋಡಿಕೊಳ್ಳಲಿಕ್ಕೆ ಎಂದನವನು. ಹಾಗೆಯೇ ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ ನಿನ್ನ ಕೆಲಸ, ಮಾತು, ಮನಸ್ಸನ್ನು ನೋಡಿಕೋ ಎಂದು ಕಲಿಸಿದರು.

ನವಲಗುಂದ ತಾಲ್ಲೂಕಿನ ನಮ್ಮೂರಲ್ಲಿ ಕಳೆದ ವಾರ ಮಗ ಸಾಲಿಯಿಂದ ಬಂದು, ಗೆಳೆಯ ಪೆನ್ನು ಕದ್ದಾನ ಎಂದ.

“ನೀ ಕಣ್ಣಾರೆ ನೋಡೀಯೇನ?”

“ಇಲ್ಲಪ್ಪಾ, ಎಲ್ಲಾರೂ ಅಂತಾರ.”

ನನ್ನ ಎದೆ ಝಲ್ಲೆಂದಿತು. ಈ ‘ಎಲ್ಲಾರೂ ಅಂತಾರ’ ಎಂಬ ಮಾತಿನಿಂದಲೇ ನಮ್ಮ ಹಿರಿಯರು ಕಳ್ಳರೆನಿಸಿಕೊಂಡಿದ್ದರು. ಪೆನ್ನು ಅವನ ಚೀಲದ ತಳದಲ್ಲೇ ಸಿಕ್ಕಿತು. ಮರುದಿನ ತಾನೇ ಹೋಗಿ ಕ್ಷಮೆ ಕೇಳಿದ.

ಈಗ ದಿನಾ ರಾತ್ರಿ ವಂದನೆಯಾದ ಮೇಲೆ 5 ನಿಮಿಷ ಉಸಿರು ಗಮನಿಸುತ್ತ ಕೂಡುತ್ತೇವೆ. ನಂತರ 3 ಪ್ರಶ್ನೆ: ಇವತ್ತು ಏನು ಕಂಡೆ? ಏನು ಬರೀ ಕೇಳಿದೆ? ನನ್ನಿಂದ ಯಾರಿಗೆ ನೋವಾಯಿತು? ನಾನೂ ಉತ್ತರ ಕೊಡಬೇಕು.

ನಿಮ್ಮ ಮನೆಯಲ್ಲೂ ಇಂದೇ ಆರಂಭಿಸಿರಿ.

ಭವತು ಸಬ್ಬ ಮಂಗಲಂ