ಹಿಟಾಚಿ ಟ್ರೈಲರ್ ಹತ್ತುವ ಮುನ್ನ: ಮಾಲೀಕರೂ ಚಾಲಕರೂ ತಿಳಿದಿರಬೇಕಾದ ಕಾನೂನು

ಕೆರೆ ಹೂಳೆತ್ತಲು, ಜಮೀನು ಮಟ್ಟ ಮಾಡಲು, ರಸ್ತೆ ಅಗಲಿಸಲು ಈಗ ಹಳ್ಳಿಹಳ್ಳಿಗೂ ಹಿಟಾಚಿ ಬರುತ್ತದೆ. ರಬ್ಬರ್ ಟೈರಿನ ಜೆಸಿಬಿ ನೋಂದಣಿಯಾಗಿದ್ದರೆ ತಾನೇ ರಸ್ತೆಯಲ್ಲಿ ಓಡಬಹುದು. ಉಕ್ಕಿನ ಚೈನಿನ ಹಿಟಾಚಿ ಮಾತ್ರ ಟ್ರೈಲರ್ ಮೇಲೆಯೇ ಬರಬೇಕು. ಆ ಪ್ರಯಾಣದಲ್ಲಿ ಯಾರ ಹೊಣೆ ಎಷ್ಟು, ಚಾಲಕನ ಹಕ್ಕೇನು ಎಂಬುದು ಮೊದಲೇ ಗೊತ್ತಿದ್ದರೆ ದಂಡವೂ ತಪ್ಪುತ್ತದೆ, ಜೀವವೂ ಉಳಿಯುತ್ತದೆ.

ಅಳತೆ ಮೀರಿದರೆ ಅನುಮತಿ

ಕೇಂದ್ರ ಮೋಟಾರು ವಾಹನ ನಿಯಮ 93ರ ಪ್ರಕಾರ ವಾಹನದ ಅಗಲದ ಮಿತಿ 2.6 ಮೀಟರ್. 20 ಟನ್ ವರ್ಗದ ಹಿಟಾಚಿಯ ಒಂದು ಚೈನಿನ ಹೊರ ಅಂಚಿನಿಂದ ಇನ್ನೊಂದರ ಹೊರ ಅಂಚಿಗೆ ಟೇಪ್ ಹಿಡಿದರೆ ಸುಮಾರು 2.8 ಮೀಟರ್ ಬರುತ್ತದೆ. ಅಂದರೆ ತೂಕ ಸರಿಯಿದ್ದರೂ ಅಗಲ ಮಿತಿ ಮೀರಬಹುದು. ಲೋಡು ಹೀಗೆ ಹೊರಚಾಚಿದರೆ ಮೋಟಾರು ವಾಹನ ಕಾಯ್ದೆಯ ಕಲಂ 194(1ಎ) ಪ್ರಕಾರ 20,000 ರೂ. ದಂಡ. ಲೋಡು ಸರಿಪಡಿಸುವ ತನಕ ಗಾಡಿ ಕದಲುವಂತಿಲ್ಲ. ಸರ್ಕಾರ ಅಧಿಕಾರ ಕೊಟ್ಟ ಪ್ರಾಧಿಕಾರದಿಂದ ಆ ಲೋಡಿಗೆ ವಿನಾಯಿತಿ ಆದೇಶ ಪಡೆದಿದ್ದರೆ ಈ ದಂಡವಿಲ್ಲ. ರಾಷ್ಟ್ರೀಯ ಹೆದ್ದಾರಿಗಾದರೆ ಕೇಂದ್ರ ಸಾರಿಗೆ ಸಚಿವಾಲಯದ ಆನ್‌ಲೈನ್ ವ್ಯವಸ್ಥೆಯಲ್ಲಿ ಅರ್ಜಿ ಹಾಕಬಹುದು. ಉಳಿದ ರಸ್ತೆಗಳ ಬಗ್ಗೆ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.

ಇ-ವೇ ಬಿಲ್ ಮಾಡಿಸುವಾಗಲೂ ಇದೇ ಅಳತೆ ನೆನಪಿರಲಿ. ಸಾಮಾನ್ಯ ಸರಕಿಗೆ 200 ಕಿ.ಮೀ.ಗೆ ಒಂದು ದಿನದ ಅವಧಿ ಸಿಗುತ್ತದೆ. ಅಳತೆ ಮೀರಿದ, ಬಿಡಿಸಲಾಗದ ಸರಕಿಗೆ 20 ಕಿ.ಮೀ.ಗೇ ಒಂದು ದಿನ ಸಿಗುತ್ತದೆ.

ತೂಕ ಹಾಕಿಸುವಾಗ

ಅಧಿಕ ಭಾರಕ್ಕೆ ಕಲಂ 194(1)ರಡಿ 20,000 ರೂ., ಜೊತೆಗೆ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂ. ದಂಡವಿದೆ. ನಿಲ್ಲಿಸದೆ ಹೋದರೆ, ತೂಕ ಹಾಕಿಸಲು ಒಪ್ಪದಿದ್ದರೆ 40,000 ರೂ. ಇವು ಕಾಯ್ದೆಯಲ್ಲಿರುವ ಮೊತ್ತಗಳು. ನ್ಯಾಯಾಲಯಕ್ಕೆ ಹೋಗದೆ ಕಟ್ಟಿ ಮುಗಿಸುವ ರಾಜಿ ದಂಡದ ಮೊತ್ತವನ್ನು ರಾಜ್ಯ ಸರ್ಕಾರ ಅಧಿಸೂಚನೆಯಲ್ಲಿ ನಿಗದಿಪಡಿಸುತ್ತದೆ.

ಅಧಿಕಾರಿಗೂ ಮಿತಿಯುಂಟು. ಕಲಂ 114ರ ಪ್ರಕಾರ ಮುಂದಿನ ದಾರಿಯಿಂದ 10 ಕಿ.ಮೀ. ಅಥವಾ ತಲುಪುವ ಸ್ಥಳದಿಂದ 20 ಕಿ.ಮೀ. ಒಳಗಿನ ವೇಬ್ರಿಡ್ಜ್‌ಗೆ ಮಾತ್ರ ಗಾಡಿ ಒಯ್ಯಲು ಹೇಳಬಹುದು. ಹೆಚ್ಚಿನ ಭಾರ ಇಳಿಸುವ ಆದೇಶ ಬರಹದಲ್ಲಿರಬೇಕು. ದಾಖಲೆ ವಶಕ್ಕೆ ಪಡೆದರೆ ಸ್ವೀಕೃತಿ ಕೊಡಬೇಕು. ಕೇಳಿ ಪಡೆಯಿರಿ.

“ಮಾಲೀಕರು ಹೇಳಿದರು, ಹೊರಟೆ” ಎನ್ನುವ ಚಾಲಕನ ಮಾತಿಗೂ ಕಾನೂನಿನಲ್ಲಿ ಬೆಲೆಯಿದೆ. ಅಧಿಕ ಭಾರ ಮಾಲೀಕನಿಗೆ ತಿಳಿದೇ ಅಥವಾ ಅವನ ಆದೇಶದಂತೆಯೇ ಆಯಿತೆಂದು ನ್ಯಾಯಾಲಯ ಭಾವಿಸಬಹುದು ಎನ್ನುತ್ತದೆ ಕಲಂ 113(4). ಆದರೆ ಇದರಿಂದ ಚಾಲಕನ ಹೊಣೆ ತಪ್ಪುವುದಿಲ್ಲ.

ಹತ್ತಿಸುವಾಗ

ಟ್ರೈಲರ್ ಗಟ್ಟಿಯಾದ, ಸಮತಟ್ಟಾದ ನೆಲದ ಮೇಲಿರಲಿ. ಚೈನಿಗೆ ಮೆತ್ತಿದ ಕೆಸರನ್ನು ಕೆರೆದು ತೆಗೆಯಿರಿ. ಉಕ್ಕಿನ ರ‍್ಯಾಂಪಿನ ಮೇಲೆ ಒದ್ದೆ ಮಣ್ಣು ಸಿಕ್ಕರೆ ಇಡೀ ಯಂತ್ರ ಪಕ್ಕಕ್ಕೆ ಜಾರುತ್ತದೆ. ರ‍್ಯಾಂಪ್ ಏರುವಾಗ ಯಂತ್ರವನ್ನು ಅತ್ತಿತ್ತ ತಿರುಗಿಸಬಾರದು. ಕ್ಲೀನರ್ ಸೇರಿದಂತೆ ಯಾರೂ ಹತ್ತಿರ ನಿಲ್ಲಬಾರದು. ಹತ್ತಿದ ಮೇಲೆ ಬಕೆಟ್ಟನ್ನು ಟ್ರೈಲರ್ ಮೇಲೆ ಇಳಿಸಿ, ಎಂಜಿನ್ ಆರಿಸಿ, ಯಂತ್ರ ತಿರುಗದಂತೆ ಲಾಕ್ ಹಾಕಿ, ನಾಲ್ಕೂ ಮೂಲೆಗೆ ಚೈನು ಬಿಗಿಯಿರಿ. ಬೂಮಿನ ಅತಿ ಎತ್ತರದ ಭಾಗವನ್ನು ನೆಲದಿಂದ ಅಳೆದು ಚೀಟಿಯಲ್ಲಿ ಬರೆದು ಚಾಲಕನ ಮುಂದೆ ಅಂಟಿಸಿ. ವಿದ್ಯುತ್ ತಂತಿ, ರೈಲ್ವೆ ಕೆಳಸೇತುವೆ ಎದುರಾದಾಗ ಆ ಅಂಕಿಯೇ ಕಾಪಾಡುತ್ತದೆ. ಕೆಲವು ಕಿಲೋಮೀಟರ್ ಸಾಗಿದ ಮೇಲೆ ನಿಂತು ಚೈನು ಸಡಿಲವಾಗಿದೆಯೇ ನೋಡಿ.

ಯಂತ್ರಕ್ಕೆ ಹಾನಿಯಾದರೆ

ಟ್ರಾನ್ಸ್‌ಪೋರ್ಟ್ ಸಂಸ್ಥೆಯ ಮೂಲಕ ಕಳಿಸುವಾಗ ಸರಕು ರಸೀದಿ ಪಡೆದು, ಯಂತ್ರದ ಮೌಲ್ಯವನ್ನು ಬುಕಿಂಗ್ ಪತ್ರದಲ್ಲಿ ಕಾಣಿಸಿ. ರಸ್ತೆ ಸಾಗಣೆ ಕಾಯ್ದೆ 2007ರ ಕಲಂ 16ರಂತೆ, ಬುಕಿಂಗ್ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸ್ ಕೊಡದಿದ್ದರೆ ದಾವೆ ಹೂಡಲಾಗದು. ಸಾಗಣೆ ವಿಮೆಯನ್ನೂ ಮಾಡಿಸಿ. ಹತ್ತಿಸುವ, ಇಳಿಸುವ ಹೊತ್ತಿನ ಹಾನಿ ಅದರಲ್ಲಿ ಸೇರಿದೆಯೇ ಎಂದು ಓದಿ ನೋಡಿ.

ಅಪಘಾತವಾದರೆ

ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು ಮೋಟಾರು ವಾಹನ ಕಾಯ್ದೆಯ ಕಲಂ 134ರಡಿ ಚಾಲಕನ ಮೊದಲ ಕರ್ತವ್ಯ. ಹತ್ತಿರ ಪೊಲೀಸರಿಲ್ಲದಿದ್ದರೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ಠಾಣೆಗೆ ತಿಳಿಸಬೇಕು. ವಿಮಾ ಕಂಪನಿಗೂ ತಿಳಿಸಬೇಕು. ತುರ್ತು ಕರೆಗೆ 112. ತಂತಿ ಹರಿದಿದ್ದರೆ ದೂರ ನಿಂತು 1912ಕ್ಕೆ ಕರೆ ಮಾಡಿ. ನೊಂದವರು ಕಲಂ 166ರಡಿ 6 ತಿಂಗಳೊಳಗೆ ಪರಿಹಾರಕ್ಕೆ ಅರ್ಜಿ ಸಲ್ಲಿಸಬೇಕು. ಕೆಲಸದ ವೇಳೆ ಗಾಯಗೊಂಡ ಕ್ಲೀನರ್‌ಗೂ ಮಾಲೀಕನಿಂದ ಪರಿಹಾರ ಕೇಳುವ ಹಕ್ಕಿದೆ. ಉಚಿತ ಕಾನೂನು ನೆರವಿಗೆ 15100.

ಟ್ರೈಲರ್ ಮಾಲೀಕರಲ್ಲಿ ಒಂದು ಮನವಿ: ಅಳತೆ, ತೂಕ, ಅನುಮತಿ ಈ ಮೂರೂ ಕೈಯಲ್ಲಿರುವ ತನಕ ಚಾಲಕನಿಗೆ “ಹೊರಡು” ಎನ್ನಬೇಡಿ. ಚಾಲಕರೇ, ಇವಿಲ್ಲದೆ ಹೊರಡಿಸಿದರೆ “ಆಗುವುದಿಲ್ಲ” ಎನ್ನಿ.